ಗಾಳಿಗೌರಿ ಮತ್ತು ಹನ್ನೆರಡು ಗೆಣ್ಣು

ಶಹಾಪುರದಿಂದ ಸುರಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾನು ಯಾರ ಮಾತಿಗೂ ಬಾಯಿ ಹಾಕುವವಳಲ್ಲ. ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವಳು ನಾನು. ದಿನಕ್ಕೆ ನಾಲ್ಕು ಪಿರಿಯಡ್ಡು ಒದರಬೇಕು. ಗಂಟಲನ್ನು ಬಸ್ಸಿನಲ್ಲೇ ಖರ್ಚು ಮಾಡಿದರೆ ಸಾಮ್ರಾಜ್ಯಗಳ ಪತನಕ್ಕೆ ಧ್ವನಿ ಎಲ್ಲಿಂದ ತರುವುದು? ಹಾಗಾಗಿ ಕಿಟಕಿ ಪಕ್ಕ ಕೂತು, ಸೆರಗು ಕಿವಿಗೆ ಎಳೆದುಕೊಂಡು, ಕಣ್ಣು ಮುಚ್ಚಿದಂತೆ ನಟಿಸುತ್ತೇನೆ. ಕಂಡಕ್ಟರ್ ನನ್ನ ಪಾಸು ಕೇಳುವುದನ್ನು ಬಿಟ್ಟೇ ವರ್ಷಗಳಾದವು.

ಕಳೆದ ಸೋಮವಾರ ಮಾತ್ರ ಈ ವ್ರತ ಕೆಟ್ಟಿತು. ಮುಂದಿನ ಸೀಟಿನಲ್ಲಿ ಇಬ್ಬರು ಡಿಗ್ರಿ ಹುಡುಗರು ಒಂದೇ ಮೊಬೈಲಿಗೆ ಎರಡು ತಲೆ ತೂರಿಸಿ ಕೂತಿದ್ದರು.

"ಲೇ, ಗಾಳಿಗೌರಿನ್ನ ಟೀಮಿನಿಂದ ತಗದ್ಹಾಕ್ಯಾರ ನೋಡಲೇ."

"ತಗೀಲಿ ಬಿಡು. ಅಕಿ ಎದಕ್ಕ ಬರ್ತಿದ್ಳು? ಒಂದಿನ ಬಸ್ಸು ಎತ್ತತಾಳ, ಮರುದಿನ ಇಲಿ ನೋಡಿ ಚೀರತಾಳ."

ನನಗೆ ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. "ತಮ್ಮಾ, ಅದು ಗೌರಿ ತಪ್ಪಲ್ಲ, ಬರದಾವನ ತಪ್ಪು" ಎಂದುಬಿಟ್ಟೆ.

ಎರಡೂ ತಲೆಗಳು ಹಿಂದಕ್ಕೆ ತಿರುಗಿದವು. "ಮೇಡಂ, ನಿಮಗೂ ಗೊತ್ತದೇನ್ರೀ ಗಾಳಿಗೌರಿ?"

"ನಿಮ್ಮಪ್ಪ ಚಡ್ಡಿ ಹಾಕ್ಕೊಂಡು ಗೋಲಿ ಆಡೋ ಕಾಲದಿಂದ ಗೊತ್ತು."

ಅಲ್ಲಿಂದ ಹತ್ತಿಗೂಡೂರು ಕ್ರಾಸ್ ದಾಟುವವರೆಗೆ ಮಾತಾಡಿದೆ. ಗೌರಿಯನ್ನು ತೆಗೆದರೆ ಆ ತಂಡದಲ್ಲಿ ಉಳಿಯುವುದು ಮೈಕಟ್ಟು ಮಾತ್ರ, ಬುದ್ಧಿ ಅಲ್ಲ ಎಂದು ಸೀಟಿನ ಸರಳು ಬಡಿದು ಹೇಳಿದೆ. ಸುರಪುರದಲ್ಲಿ ಇಳಿಯುವಾಗ ಕಂಡಕ್ಟರ್, "ಮೇಡಂ, ಇವತ್ತು ಬಸ್ಸಿನಾಗೇ ಕ್ಲಾಸ್ ತಗೊಂಡ್ರಲ್ರೀ, ಹಾಜರಿ ಯಾವಾಗ ಹಾಕ್ತೀರಿ?" ಎಂದು ನಕ್ಕ. ಆ ದಿನ ನಿಜವಾದ ತರಗತಿಯಲ್ಲಿ ನನ್ನ ಸ್ವರ ಒಡೆದ ಸಿಲವಾರದ ಡಬ್ಬಿಯಂತಿತ್ತು. ಪಶ್ಚಾತ್ತಾಪವಿಲ್ಲ. ಕೆಲವು ವಿಷಯಗಳಲ್ಲಿ ಸುಮ್ಮನಿರುವುದು ಸಭ್ಯತೆಯಲ್ಲ, ಹೇಡಿತನ.

ಗಾಳಿಗೌರಿ ಯಾರೆಂದು ತಿಳಿಯದವರಿಗೆ ಹೇಳಬೇಕು. 'ಕಿಡಿಪಡೆ' ಎಂಬ ಚಿತ್ರಕಥೆಯ ಪುಸ್ತಕ ತಿಂಗಳಿಗೊಂದು ಬರುತ್ತಿತ್ತು. ಈಗ ಮೊಬೈಲಿನಲ್ಲಿ ಬಣ್ಣ ಬಳಿದುಕೊಂಡು ಮತ್ತೆ ಬಂದಿದೆಯಂತೆ. ಜಗತ್ತನ್ನು ಕಾಯುವ ಐದು ಮಂದಿ. ನಾಯಕ ಸಿಡಿಲಮಾರ, ಕೈಯಿಂದ ಮಿಂಚು ಬಿಡುವವನು. ಕಬ್ಬಿಣರಾಯ, ಹೆಸರೇ ಹೇಳುತ್ತದೆ. ನೆರಳಪ್ಪ, ಯಾರದೇ ನೆರಳಿನೊಳಗೆ ಅಡಗಬಲ್ಲವನು. ಗಡಿಯಾರಜ್ಜ, ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಕಾಲವನ್ನು ನಿಲ್ಲಿಸಬಲ್ಲ ಮುದುಕ. ಐದನೆಯವಳು ಗಾಳಿಗೌರಿ. ಹಾರುತ್ತಾಳೆ, ಬಿರುಗಾಳಿ ಎಬ್ಬಿಸುತ್ತಾಳೆ, ಜಡೆ ಮಾತ್ರ ಎಂದೂ ಕೆದರುವುದಿಲ್ಲ. ನಾಲ್ವರು ಗಂಡಸರಿಗೆ ಒಬ್ಬ ಹೆಂಗಸು. ಇದರ ಬಗ್ಗೆಯೂ ನನಗೆ ಅಭಿಪ್ರಾಯವಿದೆ, ಆದರೆ ಸದ್ಯಕ್ಕೆ ಬೇಡ.

ನಾವು ದೋರನಹಳ್ಳಿಯವರು. ನಮ್ಮೂರಿಗೆ ಪುಸ್ತಕ ಬರುತ್ತಿದ್ದದ್ದು ಪುಸ್ತಕವಾಗಿ ಅಲ್ಲ, ಪೊಟ್ಟಣವಾಗಿ. ನನ್ನ ಗೆಳತಿ ಶಾಹೀನಳ ಅಬ್ಬಾ, ನನಗೆ ಚಾಚಾ, ಊರ ನಡುವೆ ಕಿರಾಣಿ ಅಂಗಡಿ ಇಟ್ಟಿದ್ದರು. ಶಹಾಪುರದಿಂದ ರದ್ದಿ ಪೇಪರಿನ ಕಟ್ಟು ತರುತ್ತಿದ್ದರು. ಆ ಕಟ್ಟಿನಲ್ಲಿ ಯಾವುದೋ ಓದಿದ ಮನೆಯ ಮಕ್ಕಳು ಓದಿ ಎಸೆದ ಕಿಡಿಪಡೆಯ ಹಾಳೆಗಳು ಇರುತ್ತಿದ್ದವು. ಚಾಚಾ ಹಾಳೆಯನ್ನು ಹರಿದು, ಸುರುಳಿ ಸುತ್ತಿ, ಅದರಲ್ಲಿ ಸಕ್ಕರೆ ಸುರಿಯುವ ಮೊದಲೇ ಶಾಹೀನ ಎಳೆದುಕೊಳ್ಳಬೇಕು. ತಡವಾದರೆ ಸಿಡಿಲಮಾರ ಯಾರದೋ ಮನೆಗೆ ಪಾವು ಕಿಲೋ ಬೆಲ್ಲ ಹೊತ್ತುಕೊಂಡು ಹೋಗಿಬಿಡುತ್ತಿದ್ದ.

ಹೋದರೂ ನಾವು ಬಿಡುತ್ತಿರಲಿಲ್ಲ. "ಅತ್ತಿ, ಬೆಲ್ಲದ ಕಾಗದ ಒಗದೀರೇನ್ರೀ?" ಎಂದು ಕೇಳಿಕೊಂಡು ಮನೆಮನೆ ತಿರುಗುತ್ತಿದ್ದೆವು. ಸಿಕ್ಕ ಹಾಳೆಗಳ ಸ್ಥಿತಿಯನ್ನು ಹೇಳಬಾರದು. ಬೆಲ್ಲ ಅಂಟಿದ ಕಬ್ಬಿಣರಾಯನ ಅರ್ಧ ಮುಖವನ್ನು ಇರುವೆಗಳು ತಿಂದಿದ್ದವು. ಒಂದು ಘೋರ ಯುದ್ಧ ಖಾರದಪುಡಿಯ ಪೊಟ್ಟಣವಾಗಿ ಬಂದಿತ್ತು. ಅದನ್ನು ಓದುವಾಗಲೆಲ್ಲ ನಾವಿಬ್ಬರೂ ಸೀನಿ ಕಣ್ಣೀರು ಹಾಕುತ್ತಿದ್ದೆವು. ನೋಡಿದವರಿಗೆ ಕಥೆ ಬಹಳ ಕರುಣಾಜನಕ ಎನಿಸಿರಬೇಕು.

ಹೀಗೆ ಕೂಡಿಸಿದ ಹಾಳೆಗಳನ್ನು ಶಾಹೀನ ದಬ್ಬಣ ಮತ್ತು ಸುತಳಿಯಿಂದ ಹೊಲಿದು ಒಂದೇ ದಪ್ಪ ಪುಸ್ತಕ ಮಾಡಿದಳು. ಈಗ ಅವಳು ಶಹಾಪುರದಲ್ಲಿ ಲೇಡೀಸ್ ಟೈಲರ್. ಅವಳ ಮೊದಲ ಹೊಲಿಗೆ ಅದು, ಇವತ್ತಿಗೂ ಬಿಚ್ಚಿಲ್ಲ. ಆದರೆ ತಪ್ಪು ನಡೆದದ್ದು ಅಲ್ಲೇ. ಯಾವ ತಿಂಗಳ ಹಾಳೆ, ಯಾವ ಕಥೆಯ ಹಾಳೆ ಎನ್ನುವುದು ನಮಗೆ ಗೊತ್ತಿರಲಿಲ್ಲ. ಕೈಗೆ ಬಂದ ಕ್ರಮದಲ್ಲಿ ಹೊಲಿದೆವು. ಅದನ್ನೇ ಒಂದು ಕಥೆ ಎಂದು ನಂಬಿದೆವು.

ನಂಬಿದ ಮೇಲೆ ಸಮಜಾಯಿಷಿ ಹುಡುಕಬೇಕಲ್ಲ. ನಮ್ಮ ಪುಸ್ತಕದಲ್ಲಿ ನೆರಳಪ್ಪ ಒಂಬತ್ತನೆಯ ಹಾಳೆಯಲ್ಲಿ ಸಾಯುತ್ತಾನೆ, ಹತ್ತನೆಯದರಲ್ಲಿ ಮಾವಿನಹಣ್ಣು ತಿನ್ನುತ್ತಾನೆ. ಸಿಡಿಲಮಾರ ಒಂದು ಕಡೆ ನೀರೆಂದರೆ ನಡುಗುತ್ತಾನೆ, ಇನ್ನೊಂದು ಕಡೆ ಸಮುದ್ರ ಈಜುತ್ತಾನೆ. ಆನೆಯಷ್ಟು ತೂಕದ ಕಬ್ಬಿಣರಾಯ ಸೈಕಲ್ ಮೇಲೆ ಹೋಗುತ್ತಾನೆ. ಸೈಕಲ್ಲಿಗೆ ಏನೂ ಆಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಕಾಡಿದವಳು ಗೌರಿ. ಒಂದು ಹಾಳೆಯಲ್ಲಿ ಮಕ್ಕಳು ತುಂಬಿದ ಬಸ್ಸನ್ನು ಒಂದೇ ಕೈಯಲ್ಲಿ ಎತ್ತುತ್ತಾಳೆ. ಇನ್ನೊಂದು ಹಾಳೆಯಲ್ಲಿ ಮಾಳಿಗೆ ಮೇಲೆ ಸಿಕ್ಕಿಕೊಂಡು, "ಯಾರಾದರೂ ಕಾಪಾಡಿ!" ಎಂದು ಕೂಗುತ್ತಾಳೆ. ಹಾರಲು ಬರುವವಳು!

ನನ್ನ ಸಿದ್ಧಾಂತ: ಗೌರಿಯರು ಇಬ್ಬರು, ಅವಳಿಜವಳಿ. ಶಾಹೀನ ಒಪ್ಪಲಿಲ್ಲ. "ಹಂಗೇನಿಲ್ಲ. ಅಕಿಗಿ ಆವತ್ತ ಜ್ವರ ಬಂದಿರ್ತಾವ. ಜ್ವರ ಬಂದ್ರ ನಮ್ಮ ಅಮ್ಮಿ ಕೊಡಾನೂ ಎತ್ತಂಗಿಲ್ಲ." ಈ ಒಂದು ಪ್ರಶ್ನೆಗಾಗಿ ನಾವು ನಾಲ್ಕು ದಿನ ಮಾತು ಬಿಟ್ಟದ್ದೂ ಉಂಟು. ಕೊನೆಗೆ ಚಾಚಾ ನಡುವೆ ಬಂದು, "ಅರೇ, ಲಡೋ ಮತ್ ರೇ, ಅದು ಕಾಗದಾ ಅದ!" ಎಂದು ಇಬ್ಬರಿಗೂ ಒಂದೊಂದು ಪೆಪ್ಪರಮಿಂಟು ಕೊಟ್ಟು ರಾಜಿ ಮಾಡಿಸಿದರು.

ಮುಂದೆ ಶಹಾಪುರದಲ್ಲಿ ಪಿಯುಸಿ ಓದುವಾಗ ಗ್ರಂಥಾಲಯದಲ್ಲಿ ಕಿಡಿಪಡೆಯ ಸಂಚಿಕೆಗಳು ಸಾಲಾಗಿ ಸಿಕ್ಕವು. ಕೆಲವು ಮಾತ್ರ ಇರಲಿಲ್ಲ. ಒಂದು ಶನಿವಾರ ಇಡೀ ಕೂತು ಓದಿದೆ. ನನಗೆ ಖಾತ್ರಿಯಿತ್ತು: ಇನ್ನು ಎಲ್ಲವೂ ಸರಿಯಾಗಿ ಕೂಡುತ್ತದೆ, ನಾವು ಹೊಲಿದದ್ದಷ್ಟೇ ತಪ್ಪು ಎಂದು. ಏನು ಹೇಳಲಿ! ಕ್ರಮವಾಗಿ ಓದಿದರೂ ಅದೇ ಕಥೆ. ನೆರಳಪ್ಪ ಸತ್ತ ಮರುತಿಂಗಳೇ ಮಾವಿನಹಣ್ಣು ತಿಂದಿದ್ದ. ಕಬ್ಬಿಣರಾಯನಿಗೆ ಸೈಕಲ್ ನಿಜಕ್ಕೂ ಕೊಟ್ಟಿದ್ದರು. ತಿಂಗಳಿಗೊಬ್ಬ ಬರೆಯುತ್ತಾನೆ, ಹಿಂದಿನವನು ಬರೆದದ್ದನ್ನು ಮುಂದಿನವನು ಓದುವುದಿಲ್ಲ. ನಮ್ಮ ಸುತಳಿಯ ಪುಸ್ತಕ ಮೂಲಕ್ಕೆ ಪ್ರಾಮಾಣಿಕವಾಗಿಯೇ ಇತ್ತು. ಸಿಟ್ಟಿನಿಂದ ಸಂಪಾದಕರಿಗೆ ಒಂದು ಕಾರ್ಡು ಬರೆದೆ. 'ಗೌರಿಗೆ ಹಾರಲು ಬರುತ್ತದೋ ಇಲ್ಲವೋ, ಒಂದು ತೀರ್ಮಾನಕ್ಕೆ ಬನ್ನಿರಿ.' ತಿಂಗಳ ಮೇಲೆ ಅಚ್ಚಾದ ಉತ್ತರ ಬಂತು: ಅಭಿಮಾನಕ್ಕೆ ಧನ್ಯವಾದ, ಚಂದಾದಾರರಾಗಿ. ಮೇಲೆ, 'ಶ್ರೀಮಾನ್ ರೇಣುಕಾ ಅವರಿಗೆ.' ಗೌರಿಯ ಪರವಾಗಿ ಒಬ್ಬ ಹುಡುಗಿ ಬರೆಯಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಪಿಯುಸಿ ಎಂದು ಇಷ್ಟು ಸಲೀಸಾಗಿ ಹೇಳಿಬಿಟ್ಟೆ. ಆ ಮೆಟ್ಟಿಲು ಅಷ್ಟು ಸಲೀಸಾಗಿರಲಿಲ್ಲ. ಅದಕ್ಕೆ ದೊಡ್ಡವ್ವನ ಮಾತು ಹೇಳಬೇಕು.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ ಸಾಬಮ್ಮ. ಅಕ್ಕ ತಂಗಿ ಇಬ್ಬರೂ ಒಂದೇ ಓಣಿಗೆ ಸೊಸೆಯರಾಗಿ ಬಂದವರು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರ ಗುಂಪೊಂದಕ್ಕೆ ದೊಡ್ಡವ್ವ ಹಿರಿಯಳು. ಚಳಿಗಾಲದಲ್ಲಿ ಹತ್ತಿ ಬಿಡಿಸುವುದು, ಆಮೇಲೆ ಮೆಣಸಿನಕಾಯಿ, ಮಳೆ ಬಿದ್ದ ಮೇಲೆ ಬೀಜ ಊರುವುದು, ಕಳೆ ತೆಗೆಯುವುದು. ನಾಳೆ ಯಾರ ಹೊಲ, ಎಷ್ಟು ಮಂದಿ, ಯಾರು ಬರಬೇಕು, ಯಾರು ಬೇಡ ಎನ್ನುವುದೆಲ್ಲ ಆಕೆಯ ತೀರ್ಮಾನ. ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯ ಆ ತುದಿಯಿಂದ ಹೊರಟು, ಒಂದೊಂದು ಬಾಗಿಲಲ್ಲಿ ನಿಂತು ಹೆಸರು ಕರೆಯುತ್ತಿದ್ದಳು. ಒಳಗಿನಿಂದ "ಹ್ಞೂಂ ಯಕ್ಕಾ" ಎಂದರೆ ಆಯಿತು. ಕರೆಯದೆ ಮುಂದೆ ಹೋದಳೆಂದರೆ ಆ ಮನೆಯವಳು ನಾಳೆ ಇಲ್ಲ. ಚರ್ಚೆ ಇಲ್ಲ.

ಅಕ್ಷರ ಬಾರದ ಆಕೆ ಪಟ್ಟಿಯನ್ನು ಇಟ್ಟುಕೊಂಡಿದ್ದದ್ದು ಬಲಗೈಯಲ್ಲಿ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಟ್ಟು ಹನ್ನೆರಡು ಮಂದಿ. ಒಬ್ಬೊಬ್ಬರಿಗೆ ಒಂದೊಂದು ಗೆಣ್ಣು, ವರ್ಷಗಟ್ಟಲೆ ಬದಲಾಗುತ್ತಿರಲಿಲ್ಲ. ಹೆಬ್ಬೆರಳನ್ನು ಒಂದೊಂದರ ಮೇಲೆ ಒತ್ತುತ್ತ ಓಣಿ ನಡೆಯುತ್ತಿದ್ದಳು. ನಮ್ಮವ್ವ ನಡುಬೆರಳಿನ ಮೇಲಿನ ಗೆಣ್ಣು. ಇದು ಅವ್ವನಿಗೆ ಎಂಥ ಹೆಮ್ಮೆಯೆಂದರೆ, ಒಮ್ಮೆ ಪಾತ್ರೆ ತಿಕ್ಕುವಾಗ ತನ್ನದೇ ನಡುಬೆರಳು ಕೊಯ್ದುಕೊಂಡಾಗ, "ನನ್ನ ಜಾಗಾನೇ ಕೊಯ್ಕೊಂಡ್ನೆಲ್ಲಾ" ಎಂದು ಅತ್ತಿದ್ದಳು.

"ದೊಡ್ಡವ್ವ, ನೀನು ಯಾವ ಗೆಣ್ಣು?" ಎಂದು ನಾನು ಕೇಳಿದ್ದೆ.

"ನಾ ಹೆಬ್ಬೆರಳು. ಎಣಸಾಕಿ ಎಣಿಕಿನಾಗ ಬರಂಗಿಲ್ಲ."

ಕಿರುಬೆರಳಿನ ಕೆಳಗಿನ ಗೆಣ್ಣು ದುರ್ಗವ್ವ ಎಂಬಾಕೆಯದು. ಭಾನುವಾರ ಆಕೆ ಬರುತ್ತಿರಲಿಲ್ಲ. ಹಾಗಾಗಿ ಶಾಲೆ ಇಲ್ಲದ ಆ ದಿನ ಆ ಗೆಣ್ಣು ನನ್ನದು. ಟಂಟಂ ಗಾಡಿಯಲ್ಲಿ ಒಬ್ಬರ ಮೇಲೊಬ್ಬರು ಕೂತು ಹೋಗಿ, ಸೀರೆಯ ತುಂಡನ್ನು ನಡುವಿಗೆ ಕಟ್ಟಿ ಉಡಿ ಮಾಡಿಕೊಂಡು, ಸಾಲು ಹಿಡಿದು ಹತ್ತಿ ಬಿಡಿಸುತ್ತಿದ್ದೆ. ಒಣಗಿದ ಕಾಯಿಯ ಚೂಪು ತುದಿಗಳು ಉಗುರಿನ ಬುಡಕ್ಕೆ ಚುಚ್ಚುತ್ತಿದ್ದವು. ಬಿಳಿ ಹತ್ತಿಯನ್ನಷ್ಟೇ ಎಳೆಯಬೇಕು, ಒಣ ಎಲೆಯ ಚೂರು ಜತೆಗೆ ಬರಬಾರದು. ಬಂದರೆ ಅದು ಕಸ. ಹೊಲದವರು ಮಾತಾಡುತ್ತಾರೆ, ಆ ಮಾತು ಗುಂಪಿನ ಹೆಸರಿಗೆ ಬರುತ್ತದೆ.

ಮಧ್ಯಾಹ್ನ ಜಾಲಿಗಿಡದ ನೆರಳಿನಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡ ಮೇಲೆ ನನ್ನ ನಿಜವಾದ ಕೆಲಸ. ಸುತಳಿ ಪುಸ್ತಕ ತೆಗೆದು ಹನ್ನೆರಡು ಮಂದಿಗೆ ಕಿಡಿಪಡೆ ಓದಿ ಹೇಳುವುದು. ಕಿಡಿಪಡೆಯ ಬಗ್ಗೆ ಆ ಗಿಡದ ಕೆಳಗೆ ನಡೆದಂಥ ವಿಮರ್ಶೆ ಇನ್ನೆಲ್ಲಿಯೂ ನಡೆದಿರಲಾರದು.

"ಐದ ಮಂದಿ ಅಂತಿ. ಇವರಿಗಿ ಬುತ್ತಿ ಕಟ್ಟಾಕಿ ಯಾರು?" ದೊಡ್ಡವ್ವನ ಮೊದಲ ಪ್ರಶ್ನೆ.

"ಅದೆಲ್ಲ ಬರದಿಲ್ಲ ದೊಡ್ಡವ್ವ."

"ನೀರು ತರೋರು?"

"ಬರದಿಲ್ಲ."

"ಹಂಗಾದ್ರ ಇದು ಗುಂಪಲ್ಲ ಬಿಡು, ಜಾತ್ರಿಗಿ ಹೊಂಟ ಮಂದಿ."

ನೆರಳಪ್ಪನ ಬಗ್ಗೆ ಗುಂಪಿನಲ್ಲಿ ಒಮ್ಮತವಿತ್ತು: ಕೆಲಸಗಳ್ಳ. "ನೆಳ್ಳಾಗ ಕುಂಡ್ರೋದು ಒಂದು ವಿದ್ಯಾ ಏನವ್ವ? ನಮ್ಮ ಮನಿಯಾಗೂ ಒಬ್ಬಾಂವ ಅದಾನ" ಎಂದು ಒಬ್ಬಳು ಹೇಳಿ ಎಲ್ಲರನ್ನೂ ನಗಿಸಿದಳು. ಗಡಿಯಾರಜ್ಜನನ್ನು ಮಧ್ಯೆ ಒಂದು ಹಾಳೆಯಲ್ಲಿ ವಯಸ್ಸಾಯಿತೆಂದು ತಂಡದಿಂದ ತೆಗೆದುಹಾಕುತ್ತಾರೆ. ಇದನ್ನು ಓದಿದ ದಿನ ದೊಡ್ಡವ್ವ ನಿಜವಾಗಿ ಸಿಟ್ಟಾದಳು. ಆಕೆಯ ತೋರುಬೆರಳಿನ ಮೊದಲ ಗೆಣ್ಣು ಗುಂಪಿನಲ್ಲೇ ಹಿರಿಯಳಾದ ಒಬ್ಬ ಮುದುಕಿಯದು. ಅವಳ ಉಡಿ ತುಂಬುವಷ್ಟರಲ್ಲಿ ಉಳಿದವರದು ಎರಡು ಸಲ ತುಂಬುತ್ತಿತ್ತು. "ಅಕಿನ್ನ ಯಾಕ ಕರ್ಕೊಂಡು ಹೋಗ್ತೀನಿ ಗೊತ್ತೇನು? ಅಕಿ ಹಾಡ ಹೇಳ್ತಾಳ. ಅಕಿ ಇಲ್ಲದ ದಿನ ಹನ್ನೊಂದೂ ಮಂದಿ ಮಧ್ಯಾನದಾಗ ಜಗಳಾಡ್ತಾರ. ಎಲ್ಲಾರೂ ಚುರುಕೇ ಇದ್ರ ಗುಂಪು ಮೂರು ದಿನ ನಡಿಯಂಗಿಲ್ಲ." ಇಬ್ಬರು ಚುರುಕಿನವರಿಗೆ ಅಕ್ಕಪಕ್ಕದ ಸಾಲು ಕೊಡಬಾರದು ಎನ್ನುವುದೂ ಆಕೆಯ ಕಾನೂನು, ಪೈಪೋಟಿಗೆ ಬಿದ್ದು ಕಸ ಸೇರಿಸುತ್ತಾರೆ. ಮುಂದೆ ನಾನು ಎಷ್ಟೋ ರಾಜರ ಮಂತ್ರಿಮಂಡಲಗಳ ಬಗ್ಗೆ ಓದಿದೆ, ಪಾಠ ಮಾಡಿದೆ. ಇದಕ್ಕಿಂತ ಗಟ್ಟಿಯಾದ ಮಾತು ಸಿಕ್ಕಿಲ್ಲ.

ಗೌರಿಯ ಎಡವಟ್ಟುಗಳಿಗೂ ಆಕೆಯ ಬಳಿ ವಿವರಣೆಯಿತ್ತು. ಅವಳಿಜವಳಿಯೂ ಅಲ್ಲ, ಜ್ವರವೂ ಅಲ್ಲ. "ಆ ದಿನ ಬುತ್ತಿ ಉಂಡಿರಲಿಕ್ಕಿಲ್ಲ." ನಮ್ಮ ಪುಸ್ತಕದ ಕಡೆಯ ಹಾಳೆಯಲ್ಲಿ ಗೌರಿ ತುಂಬಿದ ಹೊಳೆಗೆ ಬಿದ್ದು ಮುಳುಗುತ್ತಾಳೆ, ನೀರಿನ ಮೇಲೆ ಕೈಯೊಂದೇ ಕಾಣುತ್ತದೆ, ಮುಂದಿನ ಹಾಳೆ ಯಾರ ಮನೆಗೆ ಯಾವ ಬೇಳೆ ಹೊತ್ತುಕೊಂಡು ಹೋಯಿತೋ ಸಿಗಲೇ ಇಲ್ಲ. "ಹಾರಾಕ ಬರೋ ಹೆಣಮಗಳು ಹೊಳಿಯಾಗ ಹೆಂಗ ಬೀಳ್ತಾಳ?" ಎಂದು ದೊಡ್ಡವ್ವ ಪ್ರತಿ ಭಾನುವಾರ ಕೇಳುತ್ತಿದ್ದಳು. "ಎದ್ಳೇನು?"

ಇನ್ನು ಆ ಸಂಜೆಯ ಮಾತು.

ಹತ್ತನೆಯ ತರಗತಿ ಪಾಸಾಗಿತ್ತು. ನಮ್ಮ ಓಣಿಯಲ್ಲಿ ಆ ಗಡಿ ದಾಟಿದ ಹುಡುಗಿ ನಾನೊಬ್ಬಳೇ. ಮಾಸ್ತರರು ಮನೆಗೇ ಬಂದು ಅಪ್ಪನಿಗೆ ಹೇಳಿ ಹೋಗಿದ್ದರು: ಶಹಾಪುರದಲ್ಲಿ ಪಿಯುಸಿಗೆ ಹೆಸರು ಹಚ್ಚಿಸಲು ನಾಲ್ಕು ದಿನ ಮಾತ್ರ ಉಳಿದಿವೆ. ಅಪ್ಪ ಹೂಂ ಎಂದಿದ್ದ. ಅಪ್ಪನ ಹೂಂ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ. ಅದೇ ವಾರ ಕಿರುಬೆರಳಿನ ದುರ್ಗವ್ವ ಮಗಳ ಬಾಣಂತನಕ್ಕೆಂದು ಕೊಂಕಲ್‌ಗೆ ಹೋದವಳು ಅಲ್ಲೇ ಉಳಿಯುವ ಸುದ್ದಿ ಬಂತು. ಗೆಣ್ಣು ಖಾಲಿ. ಮಳೆ ಬಿದ್ದಿತ್ತು, ಬೀಜ ಊರುವ ಹಂಗಾಮು. ಆ ಗೆಣ್ಣು ಯಾರದು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಒಮ್ಮೆ ಗೆಣ್ಣು ಕಾಯಂ ಆದರೆ ಮುಗಿಯಿತು ಎನ್ನುವುದು ನನಗೂ ಗೊತ್ತಿತ್ತು. ಆ ಓಣಿಯಲ್ಲಿ ಗೆಣ್ಣಿನಿಂದ ಶಾಲೆಗೆ ಹಿಂದಿರುಗಿದವರು ಯಾರೂ ಇರಲಿಲ್ಲ.

ದೊಡ್ಡವ್ವ ನಮ್ಮ ಬಾಗಿಲಿಗೆ ಬಂದಳು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದ ಮನೆಯ ಹೆಂಗಸರು ಜೋಳ ಹಸನು ಮಾಡುತ್ತಿದ್ದರು.

"ನೀಲವ್ವಾ, ನಾಳಿ."

"ಹ್ಞೂಂ ಯಕ್ಕಾ" ಎಂದಳು ಅವ್ವ ಒಳಗಿನಿಂದ.

ಅಪ್ಪ ಹೇಳಿದ, "ಯಕ್ಕಾ, ನಾಳಿಂದ ರೇಣಿನೂ ಬರ್ತಾಳ್ರಿ. ಖಾಲಿ ಅದಲ್ಲ."

ನಾನು ಬಾಗಿಲ ಹಿಂದೆ ನಿಂತಿದ್ದೆ. ದೊಡ್ಡವ್ವ ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು. "ಇಕಿ ನನ್ನ ಗುಂಪಿಗಿ ಬ್ಯಾಡ" ಎಂದಳು.

"ಯಾಕ್ರಿ?"

"ಇಕಿ ಬಿಡಿಸಿದ ಹತ್ತಿ ನೋಡೀಯೇನು? ಬರೇ ಕಸಾ. ಹೊಲದೋರು ನನಗ ಅಂತಾರ. ಕಣ್ಣೆಲ್ಲ ಪುಸ್ತಕದಾಗ ಇಟ್ಟಾಕಿಗಿ ಕೈಯಾಗ ಏನ್ ಕಾಣ್ತದ?"

"ಅಲ್ರೀ ಯಕ್ಕಾ, ಸುಗ್ಗಿಯಾಗ ನೀವೇ ಇಲ್ಲೇ ನಿಂತು ಅಂದೀರಿ, ಇಕಿ ಬೆರಳು ಭಾಳ ಚುರುಕು ಅಂತ."

"ಆವತ್ತ ಚುರುಕಿತ್ತು."

ಹಸನು ಮಾಡುತ್ತಿದ್ದವರು ಮೊರ ನಿಲ್ಲಿಸಿದರು. ಅಪ್ಪನಿಗೆ ಅವಮಾನವಾಗಿತ್ತು. "ಮತ್ತ ಇಕಿ ಮನಿಯಾಗ ಕುಂತು ಏನ್ ಮಾಡ್ಲಿ?" ಎಂದ.

"ನನಗೇನ್ ಕೇಳ್ತಿ ತಮ್ಮಾ? ಕಾಲೇಜಿಗಿ ಕಳಸು. ಅಲ್ಲಿ ಎಂಥಾರನ್ನೂ ತಗೋತಾರ."

ಹೆಬ್ಬೆರಳನ್ನು ನಡುಬೆರಳಿನ ಮುಂದಿನ ಗೆಣ್ಣಿಗೆ ಇಟ್ಟು ಮುಂದಿನ ಬಾಗಿಲಿಗೆ ಹೋದಳು.

ಓಣಿಯ ತುಂಬ ನಗು ಹಬ್ಬಿತು. ನಾನು ಒಳಗೆ ಹೋಗಿ ಜೋಳದ ಚೀಲಕ್ಕೆ ಮುಖ ಒತ್ತಿ ಅತ್ತೆ. ನಾನು ಅತ್ತದ್ದು ಓದಿಗಾಗಿ ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ಗುಂಪಿನಿಂದ ತೆಗೆದರಲ್ಲ ಎಂದು ಅತ್ತೆ. ಆಯ್ಕೆಯಾಗದೆ ಉಳಿಯುವುದು ಎಂಥದೆಂದು ಗಡಿಯಾರಜ್ಜನಿಗೂ ನನಗೂ ಗೊತ್ತು. ಎರಡು ದಿನ ಅಪ್ಪ ಬೇರೆ ಗುಂಪುಗಳಲ್ಲಿ ಕೇಳಿದ. ಸಾಬಮ್ಮನೇ ಬೇಡ ಅಂದ ಕೈ ನಮಗೆ ಬೇಡ ಎಂದರು ಅವರು. ಮೂರನೆಯ ದಿನ ಅಪ್ಪ ಅಂಗಿ ತೊಟ್ಟು, "ನಡಿ, ಎಂಥಾರನ್ನೂ ತಗೋತಾರಂತ" ಎಂದು ನನ್ನನ್ನು ಶಹಾಪುರದ ಬಸ್ಸಿಗೆ ಹತ್ತಿಸಿದ. ನಿಜಕ್ಕೂ ತಗೊಂಡರು.

ದೊಡ್ಡವ್ವನ ಜತೆ ಆರು ತಿಂಗಳು ಮಾತಾಡಲಿಲ್ಲ. ಶಾಹೀನಳ ಎದುರು ನನ್ನ ವಿಮರ್ಶೆ ಮಂಡಿಸಿದೆ: ದೊಡ್ಡವ್ವನನ್ನು ಬರೆಯುವವನು ಬದಲಾಗಿದ್ದಾನೆ, ಹಿಂದಿನ ಸಂಚಿಕೆ ಓದದೆ ಬರೆದಿದ್ದಾನೆ. ಶಾಹೀನ ಹಲ್ಲಿನಲ್ಲಿ ದಾರ ಕಡಿಯುತ್ತ, "ನೀ ಓದಾಕಿನೇ ಸರಿ ಇಲ್ಲ" ಎಂದಳು. ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ. ಅವಳಿಗೆ ಈ ವಿಷಯವನ್ನು ನೆನಪಿಸುವ ಚಾಳಿ ಇನ್ನೂ ಹೋಗಿಲ್ಲ.

ಪಿಯುಸಿಯಲ್ಲಿ ಇಂಗ್ಲಿಷ್ ಒಮ್ಮೆ ಕೈಕೊಟ್ಟಿತು. ಎರಡನೆಯ ಸಲ ನಾನೇ ಅದಕ್ಕೆ ಕೈಕೊಟ್ಟೆ. ಬಿ.ಎ. ಮುಗಿಸಿದೆ, ಎಂ.ಎ. ಮುಗಿಸಿದೆ. ಪರೀಕ್ಷೆಯ ದಿನ ಬಸ್ಸು ತಪ್ಪಿ ಟ್ರಾಕ್ಟರಿನಲ್ಲಿ ಹೋದದ್ದೂ ಇದೆ, ಒಂದೇ ಚೂಡಿದಾರನ್ನು ಶಾಹೀನ ಮೂರು ಸಲ ತಿರುವಿ ಹೊಲಿದು ಕೊಟ್ಟದ್ದೂ ಇದೆ. ನಮ್ಮ ಓಣಿಯ ಮೊದಲ ಪದವೀಧರೆ ನಾನು. ಇದನ್ನು ಹೇಳಲು ನನಗೆ ಒಂದಿಷ್ಟೂ ಸಂಕೋಚವಿಲ್ಲ. ಸಂಕೋಚಪಡುವಷ್ಟು ಸುಲಭವಾಗಿ ಅದು ಸಿಗಲಿಲ್ಲ. ಪದವಿಯ ಕಾಗದ ತಂದ ದಿನ ದೊಡ್ಡವ್ವ, "ಇದರಾಗ ನಿನ್ನ ಹೆಸರು ಎಲ್ಲದ?" ಎಂದು ಕೇಳಿ, ತೋರಿಸಿದ ಕಡೆ ಹೆಬ್ಬೆರಳು ಒತ್ತಿ ನೋಡಿದಳು. ಕೈಯಲ್ಲಿ ಅರಿಶಿನ ಇತ್ತು. ಆ ಗುರುತು ಇನ್ನೂ ಇದೆ. ನೌಕರಿಯ ದಾಖಲೆ ಪರಿಶೀಲನೆಯಲ್ಲಿ ಒಬ್ಬ ಗುಮಾಸ್ತರು, "ಇದೇನ್ರೀ ಕಲೆ?" ಎಂದು ಕೇಳಿದಾಗ, "ಸಹಿ ರೀ" ಎಂದಿದ್ದೆ.

ಆ ಕಲೆ ನೋಡಿದಾಗಲೆಲ್ಲ ಕೇಳಬೇಕೆಂದುಕೊಂಡ ಒಂದು ಪ್ರಶ್ನೆಯಿತ್ತು. ಬಸ್ಸಿನ ಹುಡುಗರು ಅದನ್ನು ಕೆದಕಿಬಿಟ್ಟರು. ಮೊನ್ನೆ ಭಾನುವಾರ ಸುತಳಿ ಪುಸ್ತಕ ಹಿಡಿದುಕೊಂಡು, ಶಾಹೀನಳನ್ನೂ ಕರೆದುಕೊಂಡು ಊರಿಗೆ ಹೋದೆ. ದೊಡ್ಡವ್ವ ಈಗ ಹೊಲಕ್ಕೆ ಹೋಗುವುದಿಲ್ಲ. ಕಟ್ಟೆಯ ಮೇಲೆ ಕೂತು, ಹೋಗುವವರ ತಪ್ಪು ಎಣಿಸುತ್ತಾಳೆ. ಮೊಮ್ಮಕ್ಕಳು ಸುತ್ತ ಗದ್ದಲ ಹಾಕುತ್ತಿದ್ದರು.

"ದೊಡ್ಡವ್ವ, ಗಾಳಿಗೌರಿನ್ನ ಗುಂಪಿನಿಂದ ತಗದಾರಂತ."

"ಯಾರು ತಗದವ್ರು? ಅವರಿಗಿ ಗುಂಪು ಕಟ್ಟಾಕ ಬರ್ತದೇನು?"

"ನೀ ನನ್ನ ತಗದಿದ್ದೆಲ್ಲ, ನನ್ನ ಗೆಣ್ಣಿಗಿ ಯಾರನ್ನ ಹಾಕ್ದಿ?"

ನಾನು ಏನನ್ನು ನಿರೀಕ್ಷಿಸಿದ್ದೆನೋ! ಆ ಗೆಣ್ಣು ಖಾಲಿಯೇ ಇತ್ತು, ನಿನ್ನ ಹೆಸರಿನಲ್ಲೇ ಇತ್ತು ಎಂದು ಹೇಳಬಹುದೆಂಬ ಆಸೆ ಇತ್ತೇನೋ. ಆಕೆ ಕಿರುಬೆರಳು ಮುಟ್ಟಿ ನೋಡಿದಳು. "ಮರುದಿನಾನೇ ಗೋಗಿಯಿಂದ ಬಂದಿದ್ದ ಹೊಸಾ ಸೊಸಿನ್ನ ಹಾಕ್ದೆ. ಹಂಗಾಮು ಯಾರಿಗಿ ಕಾಯ್ತದ?"

ಶಾಹೀನ ಬಿದ್ದು ಬಿದ್ದು ನಕ್ಕಳು. ನಾನು ಬಿಡಲಿಲ್ಲ. "ಖರೇ ಹೇಳು. ನನ್ನ ಹತ್ತಿ ಕಸಾ ಇತ್ತೇನು?"

"ಖರೇನ ಇತ್ತು."

ಶಾಹೀನಳ ನಗು ಇನ್ನೂ ಜೋರಾಯಿತು. ಇಷ್ಟು ವರ್ಷ ಆ ಸಂಜೆಯನ್ನು ನಾನು ಒಳಗೊಳಗೇ ಒಂದು ತ್ಯಾಗದ ಕಥೆಯಾಗಿ ಹೊಲಿದುಕೊಂಡಿದ್ದೆ. ಇಲ್ಲಿ ನೋಡಿದರೆ ಹತ್ತಿಯಲ್ಲಿ ನಿಜವಾಗಿಯೂ ಕಸ.

ದೊಡ್ಡವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಜಗಿದು ಹೇಳಿದಳು: "ಕಸಾ ತರೋರು ಗುಂಪಿನಾಗ ಮೂರು ಮಂದಿ ಇದ್ರು. ಅವರನ್ನೇನ್ ಬಿಟ್ಟೀನೇನು?"

ಶಾಹೀನ ನಗು ನಿಲ್ಲಿಸಿದಳು.

ದೊಡ್ಡವ್ವ ಸುತಳಿ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಳು. ಕಣ್ಣು ಮಸುಕಾಗಿದ್ದರೂ ಕಡೆಯ ಹಾಳೆಯನ್ನು ಬೆರಳಿನಿಂದಲೇ ಗುರುತು ಹಿಡಿದಳು. ಅದರ ಅಂಚು ಬೆಲ್ಲದಿಂದ ಗಟ್ಟಿಯಾಗಿದೆ.

"ಇಕಿ ಹೊಳಿಯಾಗ ಬಿದ್ದಿದ್ಳಲ್ಲ, ಎದ್ಳೇನು?"

ಆ ಮುಂದಿನ ಹಾಳೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಗ್ರಂಥಾಲಯದಲ್ಲಿ ಆ ಸಂಚಿಕೆಯೇ ಇರಲಿಲ್ಲ. ಇಲ್ಲ, ಗೊತ್ತಿಲ್ಲ ಎನ್ನಬೇಕಿತ್ತು. ಇತಿಹಾಸ ಹೇಳುವವಳು ದಾಖಲೆ ಇಲ್ಲದೆ ಮಾತಾಡಬಾರದು.

"ಎದ್ದಾಳ ದೊಡ್ಡವ್ವ" ಎಂದೆ.

"ಏಳಲಾರದ ಏನ್ ಮಾಡ್ತಾಳ? ಮರುದಿನ ಕೆಲಸ ಇರ್ತದಲ್ಲ" ಎಂದು ಆಕೆ ಪುಸ್ತಕ ಮುಚ್ಚಿದಳು.